ಜನವರಿ 26ರ ಕಾರ್ಯಕ್ರಮ: ಆಸ್ಟ್ರೇಲಿಯಾದವರ ಗುರುತು ಅಂತ ಏನನ್ನು ತೋರಿಸೋದು?

ಯಾರಾತೀರದ ಕನ್ನಡತಿ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಮೆಲ್ಬರ್ನಿನ ಪೂರ್ವಕ್ಕೆ ನಮ್ಮದೊಂದು ಸಣ್ಣ ಕನ್ನಡ ಬಳಗ ಇದೆ. ಜನವರಿ 26 ನಮಗೆ ಗಣರಾಜ್ಯೋತ್ಸವ, ಇಲ್ಲಿಯವರಿಗೆ ಆಸ್ಟ್ರೇಲಿಯಾ ಡೇ. ಎರಡನ್ನೂ ಒಂದೇ ವೇದಿಕೆಯಲ್ಲಿ ಮಾಡೋಣ ಅನ್ನುವ ಮಾತಿದೆ. ಬಳಗದ ಎರಡು ಮನೆಯವರು ಅದೇ ವಾರ ಪೌರತ್ವದ ಪ್ರತಿಜ್ಞೆ ತೆಗೆದುಕೊಳ್ಳುತ್ತಾರೆ.

"ಆಸ್ಟ್ರೇಲಿಯಾದ ಸಂಸ್ಕೃತಿ" ಅಂತ ಹದಿನೈದು ನಿಮಿಷ ಇಟ್ಟಿದ್ದೇವೆ. ಸದ್ಯಕ್ಕೆ ಪಟ್ಟಿಯಲ್ಲಿರೋದು ಕಾಂಗರೂ, ಬಾರ್ಬೆಕ್ಯೂ, ಬಾಕ್ಸಿಂಗ್ ಡೇ ಟೆಸ್ಟ್. ಇದು ಪ್ರವಾಸದ ಜಾಹೀರಾತಿನ ಹಾಗಿದೆ, ಇಲ್ಲಿನ ಜನ ತಮ್ಮನ್ನು ತಾವು ಏನಂದುಕೊಂಡಿದ್ದಾರೆ ಅನ್ನೋದು ಇದರಲ್ಲಿ ಬಂದಿಲ್ಲ. ತಿಳಿದವರು ದಯವಿಟ್ಟು ಹೇಳಿ: ಆ ದಿನವೇ ಮಾಡೋದು ಸರಿಯಾ? ಬಾವುಟಗಳನ್ನು ಯಾವ ಕ್ರಮದಲ್ಲಿ ಏರಿಸಬೇಕು? ಈ ನೆಲದ ಮೂಲದವರನ್ನು ನೆನೆಯುವ ಮಾತು ನಾವು ಹೇಳಬಹುದಾ? ತಿಂಡಿಗೆ ಆ್ಯನ್ಜಾಕ್ (ಮೊದಲ ಮಹಾಯುದ್ಧದ ಆಸ್ಟ್ರೇಲಿಯಾ-ನ್ಯೂಜಿಲೆಂಡ್ ಸೇನೆ) ಹೆಸರಿನ ಬಿಸ್ಕತ್ತು ಮಾಡೋಣ ಅಂತಿದ್ದೇವೆ, ಮೊಟ್ಟೆ ತಿನ್ನದವರೇ ಹೆಚ್ಚು.

---

ಹಳೆಕಡತ ಉತ್ತರ:

ಮೊದಲು ದಿನದ ವಿಷಯ ಬಗೆಹರಿಸಿಕೊಳ್ಳಿ ಮೇಡಂ, ಉಳಿದದ್ದೆಲ್ಲ ಅದರ ಮೇಲೆ ನಿಂತಿದೆ.

ನಮ್ಮ ಜನವರಿ 26 ಸಂವಿಧಾನ ಜಾರಿಗೆ ಬಂದ ದಿನ. ಇಲ್ಲಿಯದು ಬೇರೆಯೇ. 1788ರ ಆ ದಿನ ಆರ್ಥರ್ ಫಿಲಿಪ್ ಸಿಡ್ನಿ ಕೋವ್‌ನಲ್ಲಿ ಬ್ರಿಟಿಷ್ ಬಾವುಟ ಏರಿಸಿದ. ಬಂದದ್ದು ಹನ್ನೊಂದು ಹಡಗು. ಕೈದಿಗಳು, ಅವರ ಕಾವಲಿಗೆ ನೌಕಾದಳದ ಸಿಪಾಯಿಗಳು. ದೇಶ ಹುಟ್ಟಿದ್ದು ಅಂದಲ್ಲ. ಆರು ವಸಾಹತುಗಳು ಸೇರಿ ಒಕ್ಕೂಟವಾದದ್ದು 1901ರ ಜನವರಿ 1ಕ್ಕೆ. ಹಾಗಾಗಿ 26ರಂದು ಆಚರಿಸುವುದು ಸ್ವಾತಂತ್ರ್ಯವನ್ನೂ ಅಲ್ಲ, ಸಂವಿಧಾನವನ್ನೂ ಅಲ್ಲ, ವಸಾಹತಿನ ಆರಂಭವನ್ನು. ಮೂಲನಿವಾಸಿಗಳಿಗೆ ಅದು ನೆಲ ಕೈಬಿಟ್ಟ ದಿನ.

ಇದು ಈಚಿನವರ ತಕರಾರು ಅಂತ ಬಳಗದಲ್ಲಿ ಯಾರಾದರೂ ಅಂದರೆ 1938 ನೆನಪಿಸಿ. ವಸಾಹತಿಗೆ 150 ವರ್ಷ ತುಂಬಿದಾಗ ಸಿಡ್ನಿಯಲ್ಲಿ ಮೆರವಣಿಗೆ ಹೋಗುತ್ತಿತ್ತು. ಅದೇ ದಿನ ಅದೇ ಊರಿನ ಆಸ್ಟ್ರೇಲಿಯನ್ ಹಾಲ್‌ನಲ್ಲಿ ವಿಲಿಯಂ ಫರ್ಗ್ಯುಸನ್, ಜ್ಯಾಕ್ ಪ್ಯಾಟನ್, ವಿಲಿಯಂ ಕೂಪರ್ ಮೊದಲಾದ ಮೂಲನಿವಾಸಿ ಮುಖಂಡರು ಶೋಕದಿನದ ಸಭೆ ನಡೆಸಿ ಪೂರ್ಣ ಪೌರಹಕ್ಕು ಕೇಳಿದರು. ಇನ್ನು ರಜೆಯ ಮಾತು: ಎಲ್ಲ ರಾಜ್ಯಗಳೂ ತಪ್ಪದೆ 26ರಂದೇ ರಜೆ ಕೊಡೋಕೆ ಶುರುವಾದದ್ದು 1994ರಿಂದ. ಅದಕ್ಕೆ ಮುಂಚೆ ಹಲವು ಕಡೆ ಹತ್ತಿರದ ಸೋಮವಾರಕ್ಕೆ ತಳ್ಳಿ ದೀರ್ಘ ವಾರಾಂತ್ಯ ಮಾಡಿಕೊಳ್ಳುತ್ತಿದ್ದರು.

ಆ ದಿನಕ್ಕೆ ಇನ್ನೊಂದು ಮುಖವೂ ಇದೆ, ಪ್ರತಿಜ್ಞೆ ತೆಗೆದುಕೊಳ್ಳುವವರಿಗೆ ಅದನ್ನು ಹೇಳಲೇಬೇಕು. 1949ರ ಜನವರಿ 26ರಂದು ಆಸ್ಟ್ರೇಲಿಯಾದ ಪೌರತ್ವ ಕಾಯ್ದೆ ಜಾರಿಗೆ ಬಂತು. ಅಲ್ಲಿಯವರೆಗೆ ಇಲ್ಲಿಯವರೂ ಕಾನೂನಿನ ಕಣ್ಣಲ್ಲಿ ಬ್ರಿಟಿಷ್ ಪ್ರಜೆಗಳೇ. ಭಾರತ ಗಣರಾಜ್ಯವಾಗುವುದಕ್ಕೆ ಸರಿಯಾಗಿ ಒಂದು ವರ್ಷ ಮುಂಚೆ.

ದಿನ ಬದಲಿಸೋಣ ಅನ್ನುವವರಲ್ಲೂ ಒಮ್ಮತ ಇಲ್ಲ. ಜನವರಿ 1 ಹೇಗೂ ಹೊಸವರ್ಷದ ರಜೆಯಲ್ಲಿ ಮುಳುಗಿಹೋಗುತ್ತದೆ. ಮೇ 9, ಅಂದರೆ 1901ರಲ್ಲಿ ಮೊದಲ ಸಂಸತ್ತು ಮೆಲ್ಬರ್ನಿನಲ್ಲಿ ಸೇರಿದ ದಿನ, ಕೆಲವರ ಆಯ್ಕೆ. ಸೆಪ್ಟೆಂಬರ್ 1 ವಾಟಲ್ ಡೇ ಇನ್ನು ಕೆಲವರದು. ಈ ಗೋಲ್ಡನ್ ವಾಟಲ್ ನಮ್ಮ ಮಲೆನಾಡಿನ ನೆಡುತೋಪುಗಳ ಅಕೇಶಿಯಾದ ಕುಲದ್ದೇ ಹೂವು. ಆಟಗಾರರ ಹಸಿರು-ಹೊಂಬಣ್ಣದ ಅಂಗಿಗೂ ಅದೇ ಬಣ್ಣ.

ನನ್ನ ಸಲಹೆ: 26ರಂದು ಗಣರಾಜ್ಯೋತ್ಸವವನ್ನು ಆ ಹೆಸರಿನಲ್ಲೇ ಮಾಡಿ, ಹೊಸ ಪೌರರ ಸನ್ಮಾನವನ್ನು ಆ ವಾರದ ಇನ್ನೊಂದು ದಿನಕ್ಕಿಡಿ. ಪೌರತ್ವ ಸಮಾರಂಭವನ್ನೇ ನಗರಸಭೆಗಳು 26ರ ಹಿಂದುಮುಂದಿನ ಮೂರು ದಿನಗಳೊಳಗೆ ಮಾಡಬಹುದು ಎಂಬ ಅವಕಾಶ 2022ರ ಕೊನೆಯಲ್ಲಿ ಬಂದಿದೆ. ಒಟ್ಟಿಗೇ ಮಾಡುವುದಾದರೆ "ಹ್ಯಾಪಿ ಆಸ್ಟ್ರೇಲಿಯಾ ಡೇ" ಅನ್ನುವ ಬ್ಯಾನರ್ ಬೇಡ. ಸಭೆಗೆ ಬಂದ ನೆರೆಯವರಲ್ಲಿ ಯಾರು ಯಾವ ಅಭಿಪ್ರಾಯದವರೋ ಮುಖ ನೋಡಿ ಹೇಳಲಾಗದು. 2023ರ ಅಕ್ಟೋಬರ್ 14ರ ಜನಮತದಲ್ಲಿ ಮೂಲನಿವಾಸಿಗಳ ಸಲಹಾ ಮಂಡಳಿಯ ಪ್ರಸ್ತಾಪಕ್ಕೆ ಆರೂ ರಾಜ್ಯಗಳು ಬೇಡ ಅಂದವು, ದೇಶದಲ್ಲಿ ಸುಮಾರು ಶೇ. 60 ಮತ ವಿರುದ್ಧ ಬಿತ್ತು. ಆ ಗಾಯ ಇನ್ನೂ ಹಸಿಯಾಗಿದೆ.

---

ಬೆಂಡಿಗೋ ಮಾಸ್ತರ ಉತ್ತರ:

ನೆಲದವರನ್ನು ನೆನೆಯುವುದು ಮತ್ತು ಬಾವುಟ, ಈ ಎರಡಕ್ಕೆ ನಾನು ಹೇಳುತ್ತೇನೆ.

ಇಲ್ಲಿ ಎರಡು ಕ್ರಮಗಳಿವೆ, ಬೆರೆಸಬಾರದು. 'ವೆಲ್ಕಮ್ ಟು ಕಂಟ್ರಿ' ಅಂದರೆ ಆ ನೆಲದ ಹಿರಿಯರೇ ಬಂದು ಸ್ವಾಗತಿಸುವುದು. ಬೇರೆ ಯಾರೂ, ಬೇರೆ ಪ್ರದೇಶದ ಮೂಲನಿವಾಸಿ ಕೂಡ, ಅದನ್ನು ಮಾಡುವಂತಿಲ್ಲ. ಅದಕ್ಕೆ ಸಂಭಾವನೆ ಇದೆ, ವಾರಗಟ್ಟಲೆ ಮೊದಲೇ ಅವರ ಸಂಸ್ಥೆಗೆ ಬರೆದು ಕೇಳಬೇಕು. ಜನವರಿ ಕೊನೆಯ ವಾರ ಅವರಿಗೆ ಬಹಳ ಬೇಡಿಕೆಯ, ಬಹಳ ಭಾರದ ವಾರ. 'ಅಕ್ನಾಲೆಡ್ಜ್‌ಮೆಂಟ್ ಆಫ್ ಕಂಟ್ರಿ' ಅಂದರೆ ಹೊರಗಿನವರು ಗೌರವ ಸಲ್ಲಿಸುವುದು. ಇದನ್ನು ಯಾರು ಬೇಕಾದರೂ ಹೇಳಬಹುದು, ನೀವೂ ಹೇಳಬಹುದು, ಕನ್ನಡದಲ್ಲೇ ಹೇಳಬಹುದು.

ಸಭಾಂಗಣ ಯಾರ ನೆಲದ ಮೇಲಿದೆ ಅನ್ನುವುದನ್ನು ಆ ನಗರಸಭೆಯ ಜಾಲತಾಣದಲ್ಲಿ ಈಗಿನ ಮಾಹಿತಿ ನೋಡಿಯೇ ಖಚಿತ ಮಾಡಿಕೊಳ್ಳಿ. ಮೆಲ್ಬರ್ನಿನಲ್ಲಿ ವುರುಂಜೆರಿ ವೊಯ್-ವುರಂಗ್ ಮತ್ತು ಬುನುರೊಂಗ್ ಜನರ ನಡುವಿನ ಅಧಿಕೃತ ಗಡಿ 2021ರ ಜುಲೈನಲ್ಲಿ ಹೊಸದಾಗಿ ನಿಗದಿಯಾಯಿತು, ಹಳೆಯ ಕರಪತ್ರ ನೋಡಿ ಓದಿದರೆ ಹೆಸರೇ ತಪ್ಪುತ್ತದೆ. ಸಿಡ್ನಿಯ ನಡುಭಾಗಕ್ಕೆ ಗಾಡಿಗಲ್, ಅಡಿಲೇಡಿಗೆ ಕೌರ್ನಾ, ಪರ್ತ್‌ಗೆ ವಜುಕ್ ನೂಂಗರ್. ಊರು ಬದಲಾದರೆ ಹೆಸರೂ ಬದಲು. ಉಚ್ಚಾರವನ್ನು ಆ ಜನರ ಸಂಸ್ಥೆಯವರು ಹಾಕಿರುವ ಧ್ವನಿಮುದ್ರಿಕೆಯಿಂದಲೇ ಕಲಿಯಿರಿ.

ಮಾತು ಅರ್ಧ ನಿಮಿಷ ಸಾಕು. ಹೀಗೆ: "ನಾವಿಂದು ಸೇರಿರುವ ಈ ನೆಲ ವುರುಂಜೆರಿ ವೊಯ್-ವುರಂಗ್ ಜನರದು. ಅವರ ಹಿಂದಿನ ಹಿರಿಯರಿಗೂ ಇಂದಿನ ಹಿರಿಯರಿಗೂ ನಮ್ಮ ಗೌರವ. ಇಲ್ಲಿರುವ ಎಲ್ಲ ಮೂಲನಿವಾಸಿ ಹಾಗೂ ಟೊರೆಸ್ ಜಲಸಂಧಿ ದ್ವೀಪದ ಬಂಧುಗಳಿಗೂ ನಮಸ್ಕಾರ." ಟೊರೆಸ್ ಜಲಸಂಧಿಯವರು ಅಂದರೆ ದೇಶದ ಉತ್ತರ ತುದಿಯ ದ್ವೀಪಗಳ ಮೂಲಜನ. ನೆಲ ಅವರದು ಅನ್ನಿ, ಅವರದಾಗಿತ್ತು ಅನ್ನಬೇಡಿ. ಕಾರ್ಯಕ್ರಮದ ಮೊಟ್ಟಮೊದಲಿಗೆ, ಪ್ರಾರ್ಥನೆ ಗೀತೆಗೂ ಮುಂಚೆ ಬರಲಿ. ಸಾಮಾನ್ಯವಾಗಿ ಕೆಡುವುದು ಇಲ್ಲೇ: ನಿರೂಪಕರು ಮೊದಲು ಗಣ್ಯರನ್ನೆಲ್ಲ ಸ್ವಾಗತಿಸಿ, ದೀಪ ಹಚ್ಚಿಸಿ, ಆಮೇಲೆ ನೆನಪಾಗಿ ಅವಸರದಲ್ಲಿ ಓದುತ್ತಾರೆ.

ಬಾವುಟಕ್ಕೆ ಬಂದರೆ, ಎಲ್ಲವೂ ಒಂದೇ ಅಳತೆ, ಒಂದೇ ಎತ್ತರ, ಒಂದೊಂದಕ್ಕೆ ಒಂದೊಂದು ಕಂಬ. ಎದುರು ನಿಂತು ನೋಡುವವರ ಎಡತುದಿಗೆ ಆಸ್ಟ್ರೇಲಿಯಾದ್ದು, ಅದರ ಬಲಕ್ಕೆ ಭಾರತದ್ದು. ರಾಜ್ಯದ ಬಾವುಟ ಇಟ್ಟರೆ ಅದು ಆಮೇಲೆ, ಅದರ ಪಕ್ಕಕ್ಕೆ ಮೂಲನಿವಾಸಿಗಳ ಅಬೊರಿಜಿನಲ್ ಬಾವುಟ, ಟೊರೆಸ್ ಜಲಸಂಧಿಯ ಬಾವುಟ. ಇವೆರಡೂ 1995ರಿಂದ ಕಾನೂನಿನ ಪ್ರಕಾರ ಆಸ್ಟ್ರೇಲಿಯಾದ ಬಾವುಟಗಳೇ. ನಮ್ಮ ಅರಿಸಿನ-ಕುಂಕುಮದ ಕನ್ನಡ ಬಾವುಟ ಬಳಗದ ಬಾವುಟ ಎಂಬ ಲೆಕ್ಕದಲ್ಲಿ ಕೊನೆಗೆ ಬರುತ್ತದೆ. ಒಟ್ಟಿಗೆ ಏರಿಸಲು ಜನ ಸಾಲದಿದ್ದರೆ ಆಸ್ಟ್ರೇಲಿಯಾದ್ದನ್ನು ಮೊದಲು ಏರಿಸಿ, ಕೊನೆಗೆ ಇಳಿಸಿ.

ಹೆರಾಲ್ಡ್ ಥಾಮಸ್ 1971ರಲ್ಲಿ ರಚಿಸಿದ ಅಬೊರಿಜಿನಲ್ ಬಾವುಟದ ಹಕ್ಕುಸ್ವಾಮ್ಯವನ್ನು 2022ರ ಜನವರಿಯಲ್ಲಿ ಕೇಂದ್ರ ಸರ್ಕಾರ ಕೊಂಡುಕೊಂಡಿತು. ಈಗ ಅದನ್ನು ಬ್ಯಾನರಿನಲ್ಲಿ ಮುದ್ರಿಸಲು ಯಾರಿಗೂ ಹಣ ಕೊಡಬೇಕಿಲ್ಲ. ರಾಷ್ಟ್ರಗೀತೆಯ ಸಾಲುಗಳನ್ನು ಪರದೆಗೆ ಹಾಕುವುದಾದರೆ ಹೊಸ ಪಾಠವನ್ನೇ ಹಾಕಿ. 2021ರ ಜನವರಿ 1ರಿಂದ ಎರಡನೇ ಸಾಲಿನ 'ಯಂಗ್' ಹೋಗಿ 'ಒನ್' ಬಂದಿದೆ. ಅರವತ್ತು ಸಾವಿರ ವರ್ಷ ಜನ ಬಾಳಿದ ನಾಡನ್ನು ಎಳೆಯ ನಾಡು ಅನ್ನುವುದು ಸಲ್ಲದು ಎಂಬುದೇ ಕಾರಣ.

---

ಕೊಬ್ಬರಿ ಬೆಲ್ಲ ಉತ್ತರ:

ಜನವರಿ 26 ರಜೆಯ ದಿನ, ಅಷ್ಟೇ. ಇಲ್ಲಿಯವರು ಮನಸ್ಸಿಟ್ಟು ಆಚರಿಸುವ ದಿನ ಏಪ್ರಿಲ್ 25, ಆ್ಯನ್ಜಾಕ್ ಡೇ. 1915ರಲ್ಲಿ ಟರ್ಕಿಯ ಗಲಿಪೋಲಿಗೆ ಇಳಿದ ಸೇನೆ ಸೋತು ವಾಪಸ್ಸಾಯಿತು, ಎಂಟು ಸಾವಿರಕ್ಕೂ ಹೆಚ್ಚು ಆಸ್ಟ್ರೇಲಿಯನ್ನರು ಸತ್ತರು. ಸೋಲನ್ನು ನೆನಪಿನ ದಿನ ಮಾಡಿಕೊಂಡ ದೇಶ ಇದು. ಅಂದು ಬೆಳಗಿನ ಜಾವ ನಡೆಯುವ ಸ್ಮರಣಸಭೆಯಲ್ಲಿ ಜೈಕಾರ ಇಲ್ಲ, ಚಪ್ಪಾಳೆ ಇಲ್ಲ. ಮೊದಲು ನಾಲ್ಕು ಸಾಲಿನ ಸ್ಮರಣೆ, ಅದರ ಕೊನೆಯ ಸಾಲನ್ನು ಎಲ್ಲರೂ ಮರುನುಡಿಯುತ್ತಾರೆ. ಆಮೇಲೆ ಕಹಳೆಯಲ್ಲಿ ಲಾಸ್ಟ್ ಪೋಸ್ಟ್, ಮೌನ, ಮತ್ತೆ ಕಹಳೆ. ಎದೆಗೆ ರೋಸ್ಮರಿ ಎಸಳು. ತಮ್ಮ ಪದಕವಾದರೆ ಎಡಕ್ಕೆ, ಅಜ್ಜ ಅಪ್ಪನದಾದರೆ ಬಲಕ್ಕೆ.

ನಮಗೂ ಅದಕ್ಕೂ ಏನು ಸಂಬಂಧ ಅಂತ ಮಕ್ಕಳು ಕೇಳಿದರೆ ಹೇಳೋಕೆ ಇದೆ. ಅದೇ ಏಪ್ರಿಲ್ 25ರಂದು ಭಾರತದ ಪರ್ವತ ತೋಪುಪಡೆಯೂ ಅದೇ ದಂಡೆಗೆ ಇಳಿದಿತ್ತು. ಕತ್ತೆಯ ಮೇಲೆ ಗಾಯಾಳುಗಳನ್ನು ಹೊತ್ತು ತಂದ ಸಿಂಪ್ಸನ್ ಇಲ್ಲಿ ಮನೆಮಾತು. ಅವನು ಬಿಡಾರ ಮಾಡಿದ್ದು ಆ ಭಾರತೀಯರ ಜೊತೆ. ಹುಟ್ಟಿದ್ದೂ ಇಲ್ಲಲ್ಲ, ಇಂಗ್ಲೆಂಡಿನಲ್ಲಿ. ಮತ್ತೆ 1918ರ ಸೆಪ್ಟೆಂಬರ್ 23ರಂದು ಜೋಧಪುರದವರ ಜೊತೆ ಹೈಫಾ (ಈಗಿನ ಇಸ್ರೇಲಿನ ಊರು) ಗೆದ್ದ ನಮ್ಮ ಕುದುರೆಪಡೆ ಮೈಸೂರು ಲ್ಯಾನ್ಸರ್ಸ್ ಇದ್ದದ್ದು ಆಸ್ಟ್ರೇಲಿಯಾದ ಸೇನಾಪತಿ ಹ್ಯಾರಿ ಶೋವೆಲ್ ಕೈಕೆಳಗಿನ ಡೆಸರ್ಟ್ ಮೌಂಟೆಡ್ ಕೋರ್‌ನಲ್ಲಿ. ನಿಮ್ಮ ಹದಿನೈದು ನಿಮಿಷದಲ್ಲಿ ಐದನ್ನು ಇದಕ್ಕೇ ಕೊಡಿ ಅನ್ನುತ್ತೇನೆ.

ಇನ್ನು ಬಿಸ್ಕತ್ತು. ಮೊಟ್ಟೆ ಇಲ್ಲವೇ ಇಲ್ಲ, ನಿಮ್ಮ ಬಳಗಕ್ಕೆ ಹೇಳಿ ಮಾಡಿಸಿದ್ದು. 24ರಿಂದ 28 ಬಿಸ್ಕತ್ತಿಗೆ: ರೋಲ್ಡ್ ಓಟ್ಸ್ 1 ಕಪ್, ಮೈದಾ 1 ಕಪ್, ಕಂದು ಸಕ್ಕರೆ ಮುಕ್ಕಾಲರಿಂದ 1 ಕಪ್, ಒಣ ಕೊಬ್ಬರಿ ಪುಡಿ ಮುಕ್ಕಾಲು ಕಪ್, ಬೆಣ್ಣೆ 125 ಗ್ರಾಂ, ಗೋಲ್ಡನ್ ಸಿರಪ್ 2 ದೊಡ್ಡ ಚಮಚ, ಅಡುಗೆ ಸೋಡ 1 ಸಣ್ಣ ಚಮಚ, ಕುದಿಯುವ ನೀರು 2 ದೊಡ್ಡ ಚಮಚ. ಆಸ್ಟ್ರೇಲಿಯಾದ ಕಪ್ 250 ಮಿ.ಲೀ., ದೊಡ್ಡ ಚಮಚ 20 ಮಿ.ಲೀ. ಊರಿಂದ ತಂದ ಅಳತೆ ಚಮಚ ಸಾಮಾನ್ಯವಾಗಿ 15 ಮಿ.ಲೀ. ಇರುತ್ತದೆ, ಅದರಲ್ಲಿ ಅಳೆದರೆ ಹಿಟ್ಟು ಒಣಗಿ ಉದುರುತ್ತದೆ.

ಒಣ ಸಾಮಾನೆಲ್ಲ ಬೆರೆಸಿಡಿ. ಬೆಣ್ಣೆ, ಸಿರಪ್ ಸಣ್ಣ ಉರಿಯಲ್ಲಿ ಕರಗಿಸಿ ಇಳಿಸಿ. ಸೋಡವನ್ನು ಬಿಸಿನೀರಲ್ಲಿ ಕದಡಿ ಅದಕ್ಕೆ ಹಾಕಿದ ತಕ್ಷಣ ನೊರೆ ಉಕ್ಕುತ್ತದೆ, ಅದಕ್ಕೇ ಪಾತ್ರೆ ದೊಡ್ಡದಿರಲಿ. ನೊರೆ ಇಳಿಯುವ ಮೊದಲೇ ಒಣ ಹಿಟ್ಟಿಗೆ ಸುರಿದು ಕಲಸಿ. ನಿಂಬೆಗಿಂತ ಸ್ವಲ್ಪ ಚಿಕ್ಕ ಉಂಡೆ ಮಾಡಿ, 5 ಸೆಂ.ಮೀ. ಬಿಟ್ಟು ಜೋಡಿಸಿ, ಮೆಲ್ಲಗೆ ಒತ್ತಿ. 160 ಡಿಗ್ರಿಯಲ್ಲಿ 12 ನಿಮಿಷಕ್ಕೆ ಮೆತ್ತಗೆ ಜಗಿಯುವಂತೆ, 17-18ಕ್ಕೆ ಗರಿಗರಿ. ಹೊರತೆಗೆದಾಗ ಮೆದುವಾಗಿದೆ ಅಂತ ಮತ್ತೆ ಒಳಗಿಟ್ಟರೆ ತಣಿದ ಮೇಲೆ ಕಲ್ಲಾಗುತ್ತದೆ. ತಟ್ಟೆಯಲ್ಲೇ ಐದು ನಿಮಿಷ ಬಿಡಿ.

ಹಸಿ ತೆಂಗಿನತುರಿ ಹಾಕಬೇಡಿ, ನೀರಿನಂಶಕ್ಕೆ ಎಲ್ಲ ಹರಡಿ ಒಂದೇ ಹಪ್ಪಳ ಆಗುತ್ತದೆ. ಸಿರಪ್ ಸಿಗದಿದ್ದರೆ ಮನೆಮಟ್ಟಿಗೆ ಜೋನಿ ಬೆಲ್ಲ ನಡೆಯುತ್ತದೆ, ಬಣ್ಣ ಕಡು, ರುಚಿ ಸ್ವಲ್ಪ ಗಾಢ. ಆದರೆ ಮಾರಾಟಕ್ಕಿಟ್ಟರೆ ಎಚ್ಚರ. 'ಆ್ಯನ್ಜಾಕ್' ಹೆಸರಿನ ಬಳಕೆ ಕಾನೂನಿನ ರಕ್ಷಣೆಯಲ್ಲಿದೆ. ಸಾಂಪ್ರದಾಯಿಕ ರೀತಿಯಲ್ಲಿ ಮಾಡಿ 'ಬಿಸ್ಕತ್ತು' ಅಂತ ಕರೆದರೆ ಸರಿ. 'ಕುಕಿ' ಅನ್ನುವಂತಿಲ್ಲ, ಚಾಕೊಲೇಟು, ಬಾದಾಮಿ, ಏಲಕ್ಕಿ ಸೇರಿಸಿ ಅದೇ ಹೆಸರಿಡುವಂತಿಲ್ಲ. ಗಲಿಪೋಲಿಯಲ್ಲಿ ಸೈನಿಕರು ತಿಂದದ್ದು ಇದೇ ಅಂತ ಫಲಕ ಬರೆಯಬೇಡಿ. ಅಲ್ಲಿ ಅವರಿಗೆ ಸಿಕ್ಕಿದ್ದು ಹಲ್ಲು ಮುರಿಯುವಂಥ ಗಟ್ಟಿ ರೇಷನ್ ಬಿಸ್ಕತ್ತು.

---

ಗದಗಿನಾಂವ ಉತ್ತರ:

ಎಲ್ಲಾರೂ ಚಲೋ ಹೇಳ್ಯಾರ್ರೀ. ಆದ್ರ ಇವರ ಖರೇ ಗುರುತು ಯುದ್ಧದಾಗಿಲ್ಲ, ಮತಗಟ್ಟಿಯೊಳಗ ಅದ ಅಂತ ನಾ ಗಟ್ಟಿಯಾಗಿ ಹೇಳ್ತೀನಿ. ಗುಪ್ತ ಮತಪತ್ರ 1856ರಾಗ ವಿಕ್ಟೋರಿಯಾ, ದಕ್ಷಿಣ ಆಸ್ಟ್ರೇಲಿಯಾದಾಗ ಬಂತು. ಮತ ಹಾಕೂದು 1924ರ ಕಾನೂನಿನಿಂದ ಕಡ್ಡಾಯ. ಚುನಾವಣಿ ಯಾವಾಗ್ಲೂ ಶನಿವಾರ. ಹಾಕದಿದ್ರ ಕಾರಣ ಕೇಳಿ ಪತ್ರ ಬರ್ತದ, ಕಾರಣ ಸರಿ ಇರದಿದ್ರ ಕೇಂದ್ರ ಚುನಾವಣಿಗೆ 20 ಡಾಲರ್ ದಂಡ. ರೊಕ್ಕ ಸಣ್ಣದು, ಪರಿಣಾಮ ದೊಡ್ಡದು. ಮಂದಿನ್ನ ಮನಿಯಿಂದ ಹೊರಗ ಎಬ್ಬಿಸಲಿಕ್ಕೆ ಪಕ್ಷದವರು ಸಿಟ್ಟು ಹಚ್ಚಬೇಕಾಗಿಲ್ಲ. ನಡುವ ನಿಂತ ಮತದಾರನ್ನ ಒಪ್ಪಿಸಬೇಕಾಗ್ತದ. ಈ ದೇಶದ ಸಮಾಧಾನದ ಸ್ವಭಾವಕ್ಕ ಇದು ದೊಡ್ಡ ಕಾರಣ.

ಹೊಸ ಪೌರರಿಗೆ ಇದನ್ನ ತೋರಿಸಿ ಕೊಡ್ರಿ, ನಾಟಕದ ಮತಪತ್ರ ಮಾಡಿ. ಹಸಿರು ಹಾಳಿ ಕೆಳಮನೆದು: ಎಲ್ಲಾ ಚೌಕಕ್ಕೂ ನಿಮ್ಮ ಇಷ್ಟದ ಕ್ರಮದಾಗ 1, 2, 3 ಅಂತ ಅಂಕಿ ಬರೀಬೇಕು, ಒಂದೂ ಬಿಡಬಾರದು. ನಮ್ಮ ಮಂದಿ ರೂಢಿಯಂಗ ಒಂದು ಗೀಟೋ ಗುಣಾಕಾರದ ಗುರುತೋ ಹಾಕಿ ಬಂದ್ರ ಆ ಮತ ಹಾಳು. ಬಿಳಿ ಹಾಳಿ ಸೆನೆಟ್‌ದು, ಅಂದ್ರ ಮೇಲ್ಮನೆದು: ಗೆರಿ ಮ್ಯಾಲ ಪಕ್ಷಗಳು, ಅಲ್ಲಿ ಬರೆದ್ರ ಕನಿಷ್ಠ 6; ಗೆರಿ ಕೆಳಗ ಅಭ್ಯರ್ಥಿಗಳು, ಅಲ್ಲಿ ಬರೆದ್ರ ಕನಿಷ್ಠ 12. ಬಾಗಲದಾಗ ಪಕ್ಷದವರು ಚೀಟಿ ಕೊಡ್ತಾರ. ಅದು ಅವರ ವಿನಂತಿ ಅಷ್ಟ, ಅಂಕಿ ಹಾಕೂ ಅಧಿಕಾರ ನಿಮ್ಮದು. ಗುರುತಿನ ಚೀಟಿ ಕೇಳಂಗಿಲ್ಲ, ಹೆಸರು, ವಿಳಾಸ, ಈ ಚುನಾವಣಿಗೆ ಮೊದ್ಲ ಮತ ಹಾಕೀರೇನು ಅಂತ ಕೇಳ್ತಾರ. ನ್ಯೂ ಸೌತ್ ವೇಲ್ಸ್ ರಾಜ್ಯ ಚುನಾವಣಿಯೊಳಗ ಒಂದ ಅಂಕಿ ಹಾಕಿದ್ರೂ ನಡೀತದ, ಅಲ್ಲಿಂದ ಬಂದವರು ಕೇಂದ್ರ ಚುನಾವಣಿಯೊಳಗ ತಪ್ಪೂದು ಇಲ್ಲೇ. ಹೊರಗ ಸಾಲಿಯವರು ಬ್ರೆಡ್ಡಿನಾಗ ಸಾಸೇಜ್, ಸುಟ್ಟ ಉಳ್ಳಾಗಡ್ಡಿ ಇಟ್ಟು ಮಾರ್ತಾರ, 'ಡೆಮಾಕ್ರಸಿ ಸಾಸೇಜ್' ಅಂತಾರ. ಬಂದ ರೊಕ್ಕ ಸಾಲಿಗೆ ಹೋಗ್ತದ.

'ಫೇರ್ ಗೋ' ಅಂತ ದಿನಾ ಕೇಳ್ತೀರಲ್ಲ, ಎಲ್ಲಾರಿಗೂ ನ್ಯಾಯವಾದ ಅವಕಾಶ ಅನ್ನೂದು. ಅದಕ್ಕೂ ಒಂದು ತೀರ್ಪಿನ ಆಧಾರ ಅದ. 1907ರಾಗ ನ್ಯಾಯಮೂರ್ತಿ ಹಿಗಿನ್ಸ್, ಹಾರ್ವೆಸ್ಟರ್ ಪ್ರಕರಣದಾಗ, ಕೌಶಲ ಇರದ ಕೂಲಿಗೂ ದಿನಕ್ಕ 7 ಶಿಲಿಂಗ್ ಕೊಡಬೇಕು ಅಂದ್ರು. ಲೆಕ್ಕ ಹಾಕಿದ್ದು ಮಾಲಕನ ಲಾಭದ ಮ್ಯಾಲಲ್ಲ, ಹೆಂಡತಿ, ಮೂರು ಮಕ್ಕಳ ಸಂಸಾರ ಮರ್ಯಾದಿಂದ ನಡೀಲಿಕ್ಕೆ ಎಷ್ಟು ಬೇಕು ಅನ್ನೂದರ ಮ್ಯಾಲ. ಕನಿಷ್ಠ ಕೂಲಿ ಇವತ್ತಿಗೂ ಇಲ್ಲಿ ಜನರ ಹಕ್ಕು ಅನಿಸಿಕೊಳ್ಳೂದು ಆ ಬೇರಿನಿಂದ.

ಆದ್ರ ಇದನ್ನ ಹೇಳಿ ಅದನ್ನ ಬಿಡಬ್ಯಾಡ್ರಿ: ಅದೇ ಕಾಲದಾಗ ನಮ್ಮಂಥವರಿಗೆ ಬಾಗಲ ಮುಚ್ಚಿತ್ತು. 1901ರ ವಲಸೆ ಕಾಯ್ದೆ ಪ್ರಕಾರ ಅಧಿಕಾರಿ ಆರಿಸಿದ ಯುರೋಪಿನ ಯಾವುದೋ ಭಾಷಾದಾಗ 50 ಶಬ್ದ ಉಕ್ತಲೇಖನ ಬರೀಬೇಕು, ಬರೀಲಿಕ್ಕೆ ಬರದಂಥ ಭಾಷಾನ ಆರಿಸ್ತಿದ್ರು. 1934ರಾಗ ಹಲವು ಭಾಷಾ ಬಲ್ಲ ಪತ್ರಕರ್ತ ಎಗಾನ್ ಕಿಶ್ ಅವರಿಗೆ ಸ್ಕಾಟಿಷ್ ಗೇಲಿಕ್ ಕೊಟ್ಟಿದ್ರು. ಪರೀಕ್ಷಾ ಹೋಗಿದ್ದು 1958ರಾಗ, ಬಿಳಿಯರಿಗಷ್ಟ ಬಾಗಲ ತೆಗಿಯೂ ನೀತಿ ಪೂರ್ತಿ ಹೋಗಿದ್ದು 1973ರಾಗ. ಮೂಲನಿವಾಸಿಗಳಿಗೆ ಕೇಂದ್ರದಾಗ ಮತದ ಹಕ್ಕು ಎಲ್ಲಾ ಕಡೆ ಬಂದಿದ್ದೂ 1962ಕ್ಕ. 2021ರ ಜನಗಣತಿಯೊಳಗ ಹೊರದೇಶದಾಗ ಹುಟ್ಟಿದವರ ಪೈಕಿ ಇಂಗ್ಲೆಂಡಿನ ನಂತರ ಭಾರತದವರದ ಎರಡನೇ ಸ್ಥಾನ. 'ಫೇರ್ ಗೋ' ಮೊದಲಿಂದ ಎಲ್ಲಾರಿಗೂ ಇತ್ತು ಅಂತ ತಿಳೀಬ್ಯಾಡ್ರಿ. ಒಬ್ಬೊಬ್ಬರು ಜಗಳಾಡಿ ಅದರೊಳಗ ಸೇರಿಕೊಂಡಾರ.

---

ಯಾರಾತೀರದ ಕನ್ನಡತಿ:

ಎಲ್ಲರಿಗೂ ತುಂಬ ಧನ್ಯವಾದ. 26ಕ್ಕೆ ಗಣರಾಜ್ಯೋತ್ಸವ ಮಾತ್ರ, ಮುಂದಿನ ಶನಿವಾರ ಹೊಸ ಪೌರರ ಸಂಜೆ ಅಂತ ಮಾಡುತ್ತೇವೆ. ಮತಪತ್ರದ ಪ್ರಾತ್ಯಕ್ಷಿಕೆ ಖಂಡಿತ. ಪ್ರತಿಜ್ಞೆಯ ಬಗ್ಗೆ ಒಂದು ಉಳಿಯಿತು: ರಾಜನಿಗೆ ನಿಷ್ಠೆ ಅಂತ ಹೇಳಬೇಕಾ? ಫೆಬ್ರುವರಿ ಮೊದಲ ವಾರ ಊರಿಗೆ ಟಿಕೆಟ್ ಇರುವವರೂ ಇದ್ದಾರೆ.

---

ಬ್ಲ್ಯಾಕ್‌ಟೌನ್ ಭಟ್ಟ ಉತ್ತರ:

ರಾಜನ ಹೆಸರು ಇಲ್ಲ. 1994ರಿಂದ ಪ್ರತಿಜ್ಞೆ ಆಸ್ಟ್ರೇಲಿಯಾಕ್ಕೂ ಅದರ ಜನರಿಗೂ ನಿಷ್ಠೆ ಅನ್ನುತ್ತದೆ, ಅಷ್ಟೇ. ಸಂಸದರು ಇವತ್ತಿಗೂ ರಾಜನ ಹೆಸರಿನಲ್ಲೇ ಪ್ರಮಾಣ ಮಾಡುತ್ತಾರೆ, ಹೊಸ ಪೌರರು ಮಾಡಬೇಕಿಲ್ಲ. ಗಣರಾಜ್ಯ ಬೇಕೇ ಎಂಬ ಪ್ರಶ್ನೆಗೆ 1999ರಲ್ಲಿ ಬೇಡ ಅಂದ ದೇಶದ ಸ್ಥಿತಿ ಇದರಲ್ಲಿ ಚೆನ್ನಾಗಿ ಕಾಣುತ್ತದೆ. ದೇವರ ಹೆಸರಿರುವುದು, ಇಲ್ಲದಿರುವುದು ಎರಡು ಪಾಠ ಇವೆ, ಬೇಕಾದ್ದು ಆರಿಸಿಕೊಳ್ಳಬಹುದು. ಕೈಯಲ್ಲಿ ಗೀತೆಯೋ ವಚನದ ಪುಸ್ತಕವೋ ಹಿಡಿಯಬೇಕೆಂದರೆ ತಾವೇ ಒಯ್ಯಬೇಕು. 16 ತುಂಬದ ಮಕ್ಕಳು ಪ್ರತಿಜ್ಞೆ ಹೇಳಬೇಕಿಲ್ಲ. ಆಹ್ವಾನಪತ್ರ, ಫೋಟೋ ಇರುವ ಗುರುತಿನ ಚೀಟಿ ಮರೆಯಬೇಡಿ.

ಟಿಕೆಟ್ ಇರುವವರಿಗೆ ಈಗಲೇ ಹೇಳಿ. ಅರ್ಜಿ ಮಂಜೂರಾದಾಗ ಅಲ್ಲ, ಪ್ರತಿಜ್ಞೆ ಹೇಳಿದ ಗಳಿಗೆಯಲ್ಲಿ ಪೌರತ್ವ ಬರುತ್ತದೆ. ಅದೇ ಗಳಿಗೆಗೆ ಇಲ್ಲಿನ ಶಾಶ್ವತ ವಾಸದ ವೀಸಾ ಮುಗಿಯುತ್ತದೆ, 1955ರ ಭಾರತದ ಪೌರತ್ವ ಕಾಯ್ದೆಯ ಪ್ರಕಾರ ಭಾರತದ ಪೌರತ್ವವೂ ಹೋಗುತ್ತದೆ. ಆಮೇಲೆ ಭಾರತದ ಪಾಸ್‌ಪೋರ್ಟಿನಲ್ಲಿ ಪ್ರಯಾಣ ಮಾಡುವುದು ಅಪರಾಧ. ಮೊದಲು ಆಸ್ಟ್ರೇಲಿಯಾದ ಪಾಸ್‌ಪೋರ್ಟ್, ಅದಾದ ಮೇಲೆ ಭಾರತದ ಪಾಸ್‌ಪೋರ್ಟ್ ಒಪ್ಪಿಸಿ ಪೌರತ್ವ ಬಿಟ್ಟದ್ದರ ಪತ್ರ, ಅದರ ಮೇಲೆ ಓಸಿಐ (ವಿದೇಶಿ ಪೌರರಾದ ಭಾರತ ಮೂಲದವರಿಗೆ ಕೊಡುವ ಕಾರ್ಡ್); ಈ ಕ್ರಮ ತಪ್ಪಿಸಲು ಆಗುವುದಿಲ್ಲ, ಒಂದೊಂದಕ್ಕೂ ವಾರಗಳು ಹಿಡಿಯುತ್ತವೆ. ತುರ್ತಿದ್ದರೆ ಓಸಿಐ ಬರುವ ತನಕ ಹೊಸ ಪಾಸ್‌ಪೋರ್ಟಿನ ಮೇಲೆ ಭಾರತದ ಇ-ವೀಸಾ ತೆಗೆದುಕೊಳ್ಳಬಹುದು. ಫೆಬ್ರುವರಿ ಮೊದಲ ವಾರ ಹೊರಡಲೇಬೇಕು ಅನ್ನುವವರು ನಗರಸಭೆಗೆ ಈಗಲೇ ಬರೆದು ಮುಂದಿನ ಸಮಾರಂಭಕ್ಕೆ ಹೆಸರು ಬದಲಿಸಿಕೊಳ್ಳಲಿ.